ಕಡಿಯದೆ ಉಳಿದ ಕಬ್ಬು

ಬಿಸಿ ಬೆಲ್ಲದ ವಾಸನೆ ಬಂದರೆ ಜನ ಕಣ್ಣು ಮುಚ್ಚಿ ಮೂಗು ಅರಳಿಸುತ್ತಾರೆ. ನಾನು ಬೆನ್ನ ಹಿಂದೆ ತಿರುಗಿ ನೋಡುತ್ತೇನೆ. ಹೋದ ವಾರ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಹಾಗೇ ಆಯಿತು. ಸಂಕ್ರಾಂತಿಗೆ ಎಳ್ಳು ಬೆಲ್ಲ ತರಲು ಹೋಗಿದ್ದೆ. ಲಾರಿಯಿಂದ ಹೊಸ ಮಾಲು ಇಳಿಯುತ್ತಿತ್ತು. ಬೆಲ್ಲದ ಪೆಂಟಿಗಳಿಗೆ ಸುತ್ತಿದ್ದ ಬಟ್ಟೆಯಿಂದ ಕಾಯಿಸಿದ ಕಬ್ಬಿನ ಹಾಲಿನ ವಾಸನೆ, ಸ್ವಲ್ಪ ಹೊಗೆಯ ವಾಸನೆ. ನನ್ನ ಕಾಲು ಅಲ್ಲೇ ನಿಂತವು. ಹಮಾಲನೊಬ್ಬ ಏನು ಕಳೆದುಕೊಂಡಿರಿ ತಾಯಿ ಎಂದು ಮರಾಠಿಯಲ್ಲಿ ಕೇಳಿದ. ಏನಿಲ್ಲ ಎಂದೆ. ಬೆಲ್ಲದ ಅಂಗಡಿಯ ಸಾಲಿನಲ್ಲಿ ಹಾಡಹಗಲೇ ಚಿರತೆ ಹುಡುಕುತ್ತಿದ್ದೇನೆ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು?

ನಾನು ಅಂಜುಬುರುಕಿ. ನಮ್ಮನೆಯವರ ಪ್ರಕಾರ ನನಗೆ ಅಂಜಲಿಕ್ಕೆ ಕಾರಣ ಬೇಕಾಗಿಲ್ಲ, ಬಿಡುವು ಸಿಕ್ಕರೆ ಸಾಕು. ಲಿಫ್ಟು, ಮಿಂಚು, ಪಕ್ಕದ ಮನೆಯ ನಾಯಿ, ಪೋಸ್ಟಿನಲ್ಲಿ ಬರುವ ದಪ್ಪ ಲಕೋಟೆ, ಎಲ್ಲಕ್ಕೂ ಅಂಜುತ್ತೇನೆ. ಇಂಥವಳು ಎರಡು ಸಾವಿರದ ಒಂದು ಮುಗಿದು ಎರಡು ಶುರುವಾದ ಆ ಚಳಿಗಾಲವಿಡೀ ಭಾನುವಾರಕ್ಕೊಮ್ಮೆ ಹಳ್ಳಿ ಸುತ್ತಲು ಹೋದಳೆಂದರೆ ಅದಕ್ಕೆ ಸುಧಾ ವೈನಿ ಕಾರಣ.

ಆಗ ನಾವು ಅಲ್ಲೇ ಹತ್ತಿರದ ಬಿಬವೇವಾಡಿಯಲ್ಲಿದ್ದೆವು. ನಮ್ಮನೆಯವರು ಮಾರ್ಕೆಟ್ ಯಾರ್ಡಿನ ಬೆಲ್ಲದ ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಮೇಲಿನ ಮನೆಯಲ್ಲಿ ಧಾರವಾಡದ ಸುಧಾ ವೈನಿ, ನಮ್ಮೆಲ್ಲರಿಗೂ ಅತ್ತಿಗೆಯಿದ್ದ ಹಾಗೆ. ಗಂಡ ತೀರಿಹೋಗಿ ವರ್ಷ ತುಂಬಿದ ಮೇಲೆ, ಇನ್ನು ಗೋಡೆ ನೋಡುತ್ತ ಕೂರಲಾರೆ ಎಂದು ಆಕೆ ಒಂದು ಮಿನಿಬಸ್ಸು ಗೊತ್ತುಮಾಡಿದರು. ನಮ್ಮ ಕಡೆಯ ವ್ಯಾಪಾರಸ್ಥರ, ನೌಕರದಾರರ ಮನೆಯ ಹೆಣ್ಣುಮಕ್ಕಳನ್ನು ಬೆಳಿಗ್ಗೆ ಸ್ವಾರಗೇಟಿನಲ್ಲಿ ಹತ್ತಿಸಿಕೊಂಡು ಯಾವುದಾದರೂ ಹಳ್ಳಿ ತೋರಿಸಿ, ದೀಪ ಹಚ್ಚುವ ಹೊತ್ತಿಗೆ ತಿರುಗಿ ತಂದು ಬಿಡುವುದು. ಪುಣೆಯಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿ ಕಾಯಿಪಲ್ಯದ ಮಂಡಈ ಮತ್ತು ಗಣಪತಿ ಗುಡಿ ಬಿಟ್ಟು ಬೇರೇನೂ ನೋಡದವರೇ ಹೆಚ್ಚು, ಬಸ್ಸು ತುಂಬಿತು. ನನ್ನನ್ನು ರೊಟ್ಟಿ ಬುಟ್ಟಿಯ ಉಸ್ತುವಾರಿಗೆ ಕರೆದರು. ನನ್ನಂಥವಳು ಯಾಕೆ ಎಂದರೆ, "ನೀ ಬಂದ್ರ ಮಂದಿಗೆ ಧೈರ್ಯ ಬರ್ತದ ಗಿರಿಜಾ. ಈಕೀನೇ ಹೊಂಟಾಳಂದ್ರ ಅಲ್ಲೇನೂ ಅಂಜಿಕಿ ಇಲ್ಲ ಅಂತ ತಿಳೀತಾರ" ಎಂದರು.

ಮೊದಲ ಸಲ ಸಾಸವಡದ ಕಡೆಗೆ ಸೀತನಿ ತಿನ್ನಲು ಹೋದೆವು. ಮರಾಠಿಯವರು ಅದಕ್ಕೆ ಹುರ್ಡಾ ಅನ್ನುತ್ತಾರೆ. ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು ಅಂಗೈಯಲ್ಲಿ ತಿಕ್ಕಿ ಕೊಡುತ್ತಿದ್ದರು. ಬೆಳಗಿನ ಮಂಜು ಇನ್ನೂ ಹೊಲದ ಮೇಲೆ ಇತ್ತು. ಎಲ್ಲರೂ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದಾಗ ನಾನು ಕಟ್ಟೆಯಿಲ್ಲದ ಬಾವಿಗೆ ಬೆನ್ನು ಕೊಟ್ಟು, ಯಾರೂ ಆ ಕಡೆ ಹಾಯದಂತೆ ಕೈ ಅಗಲಿಸಿ ನಿಂತಿದ್ದೆ. ಹೊಲದ ಮಾಲಕ ಬಂದು, ಬಾವಿ ಎಲ್ಲಿಗೂ ಹೋಗೋದಿಲ್ಲ, ನೀವು ಕೂತು ತಿನ್ನಿ ಎಂದ. ಎಳ್ಳ ಅಮವಾಸ್ಯೆಗೆ ಮತ್ತೆ ಅದೇ ಹೊಲ. ಹೆಣ್ಣುಮಕ್ಕಳಿಗೆ ಊರು ನೆನಪಾಗಿ, ಯಾರದೋ ಹೊಲದಲ್ಲಿ ನಮ್ಮ ಕಡೆಯಂತೆ ಚರಗ ಚೆಲ್ಲಿದರು. ತಿನ್ನೋ ಅನ್ನ ಬೆಳೆಯ ಮೇಲೆ ಯಾಕೆ ಎಸೆಯುತ್ತಾರೆಂದು ಮಾಲಕನಿಗೆ ತಿಳಿಯಲಿಲ್ಲ. ಭೂಮಿತಾಯಿಗೆ ಬಯಕೆ ಊಟ ಎಂದು ಹೇಳಿದ ಮೇಲೆ ಆತ ಟೊಪ್ಪಿಗೆ ತೆಗೆದು ಕೈಮುಗಿದ. ಆ ಹೊತ್ತು ನಾನೂ ಅಂಜಿಕೆ ಮರೆತು ಅತ್ತೆ.

ಆಮೇಲೆ ಜುನ್ನರದ ಕಡೆಯ ಸುದ್ದಿ ಬರತೊಡಗಿತು. ಕಬ್ಬಿನ ಹೊಲಗಳಲ್ಲಿ ಚಿರತೆಗಳು ಸೇರಿಕೊಂಡಿವೆ. ಅಲ್ಲೊಂದು ಆಡು ಹೋಯಿತು, ಇಲ್ಲೊಂದು ನಾಯಿ ಹೋಯಿತು. ನಂತರ ಆಡು, ನಾಯಿ ಅಲ್ಲದ ಸುದ್ದಿಗಳೂ ಬಂದವು. ನಮ್ಮನೆಯವರು ಚಹಾ ಕುಡಿಯುತ್ತ ಮರಾಠಿ ಪೇಪರಿನಿಂದ ಅವನ್ನು ಓದಿ ಹೇಳುವರು. ಅರ್ಧ ಓದಿ ನನ್ನ ಮುಖ ನೋಡಿ ಪುಟ ತಿರುಗಿಸುವರು. ಆ ಉಳಿದರ್ಧವನ್ನು ನಾನೇ ಹಾಸಿಗೆಯಲ್ಲಿ ಕಲ್ಪಿಸಿಕೊಳ್ಳುತ್ತಿದ್ದೆ. ಸುಧಾ ವೈನಿ ಮುಂದಿನ ಸವಾರಿ ಎಲ್ಲಿಗೆ ಎಂದು ಗೊತ್ತುಮಾಡಿದ್ದರು ಹೇಳಿ? ಅದೇ ಜುನ್ನರದ ಕಡೆ, ನಾರಾಯಣಗಾಂವದಾಚೆ, ನಮ್ಮನೆಯವರ ಅಂಗಡಿಗೆ ಬೆಲ್ಲ ಹಾಕುತ್ತಿದ್ದ ದತ್ತೋಬಾ ಎಂಬ ದೊಡ್ಡ ರೈತನ ಗಾಣಕ್ಕೆ, ಬೆಲ್ಲದ ಆಲೆಮನೆಗೆ. ಸುತ್ತ ಎಲ್ಲಿ ನೋಡಿದರೂ ಆಳೆತ್ತರ ಮೀರಿದ ಕಬ್ಬು.

ಬೇಡವೆಂದು ಬೇಡಿಕೊಂಡೆ. ಚಿರತೆಗೆ ನಿನ್ನಂಥ ಎಲುಬಿನ ಗೂಡು ಏನು ಮಾಡಲಿಕ್ಕೆ ಬೇಕು ಎಂದು ವೈನಿ ನಕ್ಕರು. ಹೋದೆವು. ದತ್ತೋಬಾ ದೊಡ್ಡ ಕಡಾಯಿಯಲ್ಲಿ ಕುದಿಯುವ ಕಬ್ಬಿನ ಹಾಲು ತೋರಿಸಿದ, ಬಿಸಿ ಬೆಲ್ಲವನ್ನು ಎಲೆಯ ಮೇಲೆ ಎಳೆದು ಕೊಟ್ಟ. ನನ್ನ ಅಂಜಿಕೆಯ ಸುದ್ದಿ ಅಷ್ಟರಲ್ಲಿ ಅವನಿಗೂ ಮುಟ್ಟಿತ್ತು. ಬಲು ಸಂತೋಷದಿಂದ ನನ್ನನ್ನು ಹೆದರಿಸಿದ. ಕಬ್ಬನ್ನು ಒಂದು ಮಗ್ಗಲಿನಿಂದ ಕಡಿಯುತ್ತ ಬಂದ ಹಾಗೆ ಒಳಗಿರುವುದೆಲ್ಲ, ಮೊಲ, ಹಂದಿ, ಹಾವು, ಕಡಿಯದೆ ಉಳಿದ ಕಬ್ಬಿನೊಳಗೆ ಸರಿಯುತ್ತದಂತೆ. ಕೊನೆಗೆ ಮೂಲೆಯಲ್ಲಿ ಉಳಿಯುವ ಒಂದಿಷ್ಟು ಸಾಲುಗಳಲ್ಲಿ ಏನೇನು ಇರುತ್ತದೆಂದು ದೇವರಿಗೇ ಗೊತ್ತು. ಚಿರತೆ ಮರಿ ಹಾಕುವುದೂ ಅಲ್ಲೇ. ಆಚೆ ಊರಿನಲ್ಲಿ ಯಾರೋ ಮರಿ ಎತ್ತಿಕೊಂಡು ಮನೆಗೆ ಒಯ್ದರು. ತಾಯಿ ಎರಡು ದಿನ ಆ ಹೊಲದ ಬದಿಯ ಗುಡಿಸಲುಗಳನ್ನೇ ಸುತ್ತಿತು, ಕಟ್ಟಿದ ಆಡುಗಳನ್ನು ತಿನ್ನದೆ ಸುಮ್ಮನೆ ಕೊಂದು ಚೆಲ್ಲಿತು. ಮರಿ ಕಂಡರೆ ಮುಟ್ಟದೆ ದೂರ ಸರಿಯಬೇಕು, ತಾಯಿಯೇ ಕತ್ತಲಾಗುವಾಗ ಬಂದು ಒಯ್ಯುತ್ತದೆ ಎಂದ. ಸುಧಾ ವೈನಿ ಆಗ ಬೆಲ್ಲದ ರೇಟು ಕೇಳುತ್ತಿದ್ದರು, ಇದು ಅವರ ಕಿವಿಗೆ ಬೀಳಲಿಲ್ಲ. ಬಿದ್ದದ್ದು ನನ್ನ ಕಿವಿಗೆ. ಅಲ್ಲಿಂದ ಮುಂದೆ ಬಸ್ಸಿನ ಬ್ರೇಕಿನಲ್ಲಿ, ನಮ್ಮನೆಯವರ ಗೊರಕೆಯಲ್ಲಿ, ಕುಕ್ಕರಿನಲ್ಲಿ ಕೂಡ ನನಗೆ ಚಿರತೆಯೇ ಕೇಳಿಸುತ್ತಿತ್ತು.

ಅದೇ ಗಾಣದ ಹತ್ತಿರ ಮಲ್ಲವ್ವ ಸಿಕ್ಕಳು. ಅಫಜಲಪುರದಾಚೆಯವಳು, ಗಂಡನ ಜೊತೆ ಕಬ್ಬು ಕಡಿಯಲು ಬಂದವಳು. ಹೊಲದ ಅಂಚಿಗೇ ಕಬ್ಬಿನ ಒಣಗರಿಯ ರವದಿ ಹೊದಿಸಿದ ಗುಡಿಸಲು, ಅದರ ಮುಂದೆ ಮೂರು ಬಿದಿರು ನಿಲ್ಲಿಸಿ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಕೂಸು. ನಮ್ಮ ಗದ್ದಲದ ಕನ್ನಡ ಕೇಳಿ ಕುಡುಗೋಲು ಹಿಡಿದೇ ಓಡಿಬಂದು, ಯಾವೂರವ್ರಿ ಅಕ್ಕಾ ಎಂದಳು. ನಾಲ್ಕು ತಿಂಗಳಾಯಿತಂತೆ, ತಮ್ಮ ಗುಂಪು ಬಿಟ್ಟು ಬೇರೆಯವರ ಬಾಯಲ್ಲಿ ಕನ್ನಡ ಕೇಳಿ. ಅವಳಿಗೆ ಪುಂಡಿ ಪಲ್ಯ, ರೊಟ್ಟಿ ಕೊಟ್ಟೆ. ಕೂಸಿಗೆ ಜೋಳಿಗೆಯಲ್ಲಿ ಗಾಳಿ ಆಡುತ್ತದೋ ಇಲ್ಲವೋ ಎಂದು ಇಣುಕಿ ನೋಡಿದೆ. ಹೆಣ್ಣು ಕೂಸು, ಹಣೆಯ ಮೇಲೆ ದೊಡ್ಡ ಕಾಡಿಗೆ ಬೊಟ್ಟು. ಚಿರತೆ ಅಂಜಿಕೆ ಇಲ್ಲವೇ ಎಂದು ಕೇಳಿದ್ದಕ್ಕೆ ಅಂಜಿಕಿ ಅದರಿ ಎಂದಳು, ಉಪ್ಪು ಅದರಿ ಎಂದಷ್ಟೇ ಸಾದಾ ಆಗಿ.

ಮಾಘ ಹುಣ್ಣಿಮೆಗೆ ದತ್ತೋಬಾನ ಊರ ಜತ್ರಿ. ಮತ್ತೆ ಹೋದೆವು. ಊರ ಹೊರಗಿನ ಏರಿನಲ್ಲಿ ಎತ್ತಿನ ಗಾಡಿಗಳ ಶರ್ಯತ್ತು ನಡೆದಿತ್ತು. ಗುಲಾಲು ಹಚ್ಚಿದ ಎತ್ತುಗಳು ಧೂಳಿನೊಳಗಿಂದ ಸಿಡಿದು ಬರುವವು. ಜನ ಅಂಚಿನ ತನಕ ನುಗ್ಗಿ, ಎತ್ತು ಹತ್ತಿರ ಬಂದಾಗ ಹೋ ಎಂದು ಹಿಂದೆ ಸರಿಯುವರು. ನಮ್ಮ ಹೆಂಗಸರು ನಾಲ್ಕು ಓಟ ಆಗುವುದರೊಳಗೆ ತಮ್ಮ ತಮ್ಮ ಎತ್ತು ಆರಿಸಿಕೊಂಡು ಕೂಗತೊಡಗಿದರು. ನಾನು ಲೈಟಿನ ಕಂಬವೊಂದರ ಹಿಂದೆ ನಿಂತೆ. ಕಂಬಕ್ಕೆ ಕರೆಂಟು ಇಳಿದಿದ್ದರೆ ಎಂಬ ವಿಚಾರ ಬಂದು ಅಲ್ಲಿಂದಲೂ ಸರಿದೆ.

ಮಧ್ಯಾಹ್ನ ಊಟಕ್ಕೆ ದತ್ತೋಬಾನ ಗಾಣಕ್ಕೆ ಹೋದೆವು. ಜತ್ರಿಯೆಂದು ಗಾಣ ಬಂದ್. ದತ್ತೋಬಾನೂ ಇಲ್ಲ, ಆಳುಗಳೂ ಇಲ್ಲ, ಕಬ್ಬು ಕಡಿಯುವ ಗಂಡಸರೂ ಶರ್ಯತ್ತು ನೋಡಲು ಹೋಗಿದ್ದರು. ಮಲ್ಲವ್ವ ಒಬ್ಬಳೇ ಕೂಸಿನೊಂದಿಗೆ ಇದ್ದಳು. ಹೋದ ಸಲ ಗೋಡೆಯಂತೆ ನಿಂತಿದ್ದ ಕಬ್ಬೆಲ್ಲ ಕಡಿದಾಗಿ ಹೊಲ ಬೋಳಾಗಿತ್ತು. ಗುಡಿಸಲ ಹಿಂದಿನ ಮೂಲೆಯಲ್ಲಿ ಮಾತ್ರ ಒಂದಿಷ್ಟು ಸಾಲುಗಳು ಉಳಿದಿದ್ದವು. ಜತ್ರಿ ಮುಗಿಸಿ ನಾಳೆ ಕಡಿಯುತ್ತೇವೆ ಎಂದಳು.

ಹಳ್ಳಿಗೆ ಹೋದ ಹೆಂಗಸರಿಗೆ ಕಬ್ಬಿನ ಮರೆ ಒಂದು ಕಾರಣಕ್ಕೆ ಬೇಕಾಗುತ್ತದೆ, ಅದನ್ನು ಬಿಡಿಸಿ ಹೇಳಬೇಕಿಲ್ಲ. ನಾನು ಉಳಿದ ಕಬ್ಬಿನ ಕಡೆ ಬೆರಳು ತೋರಿಸಿ, ಆ ಕಡೆ ಯಾರೂ ಹೋಗಕೂಡದು, ಗಾಣದ ಹಿಂದಿನ ಗೋಡೆಯ ಮರೆಗೇ ಹೋಗಬೇಕು, ಹೋಗುವಾಗ ಚಪ್ಪಾಳೆ ತಟ್ಟಬೇಕು ಎಂದು ಕಾಯಿದೆ ಮಾಡಿದೆ. ಎಲ್ಲರೂ ನಗುತ್ತ, ಭಜನೆಯ ತಾಳ ಹಾಕುತ್ತ ಹೋಗಿಬಂದರು. ಸುಧಾ ವೈನಿ ಮಾತ್ರ ಯಾವಾಗ ಎದ್ದು ಎಲ್ಲಿ ಹೋದರೋ ನಾನು ನೋಡಲಿಲ್ಲ. ತಿರುಗಿ ಬಂದವರೇ ಖಾಲಿ ರೊಟ್ಟಿ ಬುಟ್ಟಿಯನ್ನು ತಾವೇ ಎತ್ತಿ, ಟಾವೆಲ್ಲು ಮುಚ್ಚಿ ತಮ್ಮ ಸೀಟಿನ ಕೆಳಗೆ ಇಟ್ಟುಕೊಂಡರು. ಇವತ್ತು ನನಗೆ ಒಂದು ಕೆಲಸ ಕಡಿಮೆ ಆಯಿತೆಂದುಕೊಂಡೆ.

ಪುಣೆಗೆ ಹೊರಟು ಮಂಚರ ದಾಟುವಾಗ ಆ ಸದ್ದು ಕೇಳಿತು. ಒಡಕು, ಸಣ್ಣದು, ಹಸಿದ ಸದ್ದು. ಏನದು ಎಂದೆ. ಬಸ್ಸಿನಲ್ಲಿ ನಗೆ ಎದ್ದಿತು. ಗಿರಿಜಾಗ ಮತ್ತ ಬಂತು ನೋಡ್ರಿ ಎಂದರು ಯಾರೋ. ನನಗೂ ನಾಚಿಕೆಯಾಯಿತು. ಮತ್ತೆ ಕೇಳಿತು. ಈ ಸಲ ನಗೆ ಬರಲಿಲ್ಲ, ಎಲ್ಲರಿಗೂ ಕೇಳಿಸಿತ್ತು. ಸುಧಾ ವೈನಿ ಬುಟ್ಟಿಯನ್ನು ತೊಡೆಯ ಮೇಲೆ ತೆಗೆದುಕೊಂಡರು.

"ಬೆಕ್ಕಿನ ಮರಿ ಅದ. ಕಬ್ಬಿನ್ಯಾಗ ರವದಿ ಮ್ಯಾಲ ಒಂದ ಬಿದ್ದಿತ್ತು. ತಾಯಿ ಇಲ್ಲ, ಏನಿಲ್ಲ. ಬಿಸಿಲಿಗೆ ಸಾಯ್ತದ ಅಂತ ತಂದೀನಿ. ನನ್ನ ಮನಿಯಾಗರೆ ಯಾರಿದ್ದಾರ?"

ಟಾವೆಲ್ಲು ಸರಿಸಿದರು. ಬೂದು ಬಣ್ಣದ ಮೈ, ಮೇಲೆ ಒತ್ತೊತ್ತಾಗಿ ಕರಿ ಚುಕ್ಕೆ. ಕಣ್ಣು ಇನ್ನೂ ನೀಲಿ. ಪಾದಗಳು ಮಾತ್ರ ಆ ಮೈಗೆ ಹೊಂದದಷ್ಟು ದೊಡ್ಡವು, ಅಣ್ಣನ ಬೂಟು ಹಾಕಿಕೊಂಡ ಹಾಗೆ. ಡ್ರೈವರ್ ಬಾಬುರಾವ್ ಕನ್ನಡಿಯಲ್ಲಿ ನೋಡಿದವನೇ ಬಸ್ಸನ್ನು ಬದಿಗೆ ತಂದು ನಿಲ್ಲಿಸಿದ. ಐವತ್ತು ದಾಟಿದವನು, ಅದೇ ತಾಲೂಕಿನವನು. ಹಿಂದೆ ಬಂದು ಬುಟ್ಟಿಯಲ್ಲಿ ಇಣುಕಿ, ಇದು ಬೆಕ್ಕಲ್ಲ ವಹಿನಿ ಎಂದಷ್ಟೇ ಹೇಳಿದ. ಅವನ ಮೇಲ್ತುಟಿಯ ಮೇಲೆ ಬೆವರು ಮೂಡಿತ್ತು.

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಇಲ್ಲೇ ಬದಿಗೆ ಇಟ್ಟು ಹೋಗೋಣ ಎಂದರು ಒಬ್ಬರು. ಪುಣೆಗೆ ಒಯ್ದು ಪ್ರಾಣಿಸಂಗ್ರಹಾಲಯಕ್ಕೆ ಕೊಡೋಣ ಎಂದರು ಇನ್ನೊಬ್ಬರು. ಪೊಲೀಸರ ಲಫಡಾ ಬೇಡ ಎಂದು ಮತ್ತೊಬ್ಬರು. ಸುಧಾ ವೈನಿ ಬುಟ್ಟಿಯ ಅಂಚು ಹಿಡಿದುಕೊಂಡು ಕೂತುಬಿಟ್ಟಿದ್ದರು.

ನನ್ನ ಕಣ್ಣಿಗೆ ಜೋಳಿಗೆ ಬಂತು. ಮೂರು ಬಿದಿರು, ಒಂದು ಸೀರೆ. ಅದರ ಹಿಂದೆಯೇ ಉಳಿದ ಕಬ್ಬು. ಮರಿ ಕಾಣದೆ ತಾಯಿ ಮೊದಲು ಬರುವುದು ಎಲ್ಲಿಗೆಂದು ಈ ಬಸ್ಸಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಜನ್ಮವಿಡೀ ಹೋಗಬೇಡಿ, ಹೋಗಬೇಡಿ ಎಂದೇ ಅಂದ ಬಾಯಿ ನನ್ನದು. ಎದ್ದು ಬಾಬುರಾವ್‌ನ ಸೀಟಿನ ಕಂಬಿ ಹಿಡಿದು, ತಿರುಗಿಸು ಎಂದೆ. ದತ್ತೋಬಾ ಹೇಳಿದ್ದನ್ನು ಎಲ್ಲರಿಗೂ ಕೇಳುವಂತೆ ಹೇಳಿದೆ. ನಮ್ಮ ಮನಿಯಾಗ ಮಕ್ಕಳು ದಾರಿ ಕಾಯ್ತಾರ ಎಂದು ಹಿಂದಿನ ಸೀಟಿನಿಂದ ಒಬ್ಬರು ಅಂದರು.

"ಆಕೀಗೂ ಕೂಸದ," ಎಂದೆ. "ನೀವು ಬರೋದಿಲ್ಲಂದ್ರ ಬುಟ್ಟಿ ಕೊಟ್ಟು ನನ್ನ ಇಲ್ಲೇ ಇಳಸ್ರಿ."

ನಿಜಕ್ಕೂ ಇಳಿಸಿದ್ದರೆ ನಾನು ರಸ್ತೆಯ ಬದಿಗೆ ಕೂತು ಅಳುತ್ತಿದ್ದೆನೇ ಹೊರತು ಬೇರೇನೂ ಮಾಡುತ್ತಿರಲಿಲ್ಲ. ಬಾಬುರಾವ್ ಗೇರು ಹಾಕಿ ಬಸ್ಸು ತಿರುಗಿಸಿದ.

ಆ ದಾರಿ ಮುಗಿಯಲಿಲ್ಲ. ಎದುರಿಗೆ ಜತ್ರಿ ಮುಗಿಸಿದ ಟ್ರ್ಯಾಕ್ಟರುಗಳು, ಗುಲಾಲು ಬಳಿದ ಗಂಡಸರು, ಗೆದ್ದ ಎತ್ತಿನ ಮುಂದೆ ಹಲಗೆ ಬಡಿತ. ನಾವು ನಿಂತು ನಿಂತು ಹೋಗಬೇಕಾಯಿತು. ಬಿಸಿಲು ಕಬ್ಬಿನ ತುದಿಗೆ ಇಳಿದಿತ್ತು. ಮರಿ ಕೂಗುತ್ತಲೇ ಇತ್ತು. ಯಾರೋ ದೇವರ ನಾಮ ಹಿಡಿದರು, ಎರಡನೆಯ ಸಾಲಿಗೇ ಬಿಟ್ಟರು.

ಗಾಣದ ಅಂಗಳದಲ್ಲಿ ಬಸ್ಸು ನಿಂತಾಗ ಗುಡಿಸಲ ಮುಂದೆ ಒಲೆ ಉರಿಯುತ್ತಿತ್ತು. ಜೋಳಿಗೆ ಖಾಲಿಯಾಗಿ ಜೋತುಬಿದ್ದಿತ್ತು. ಮಲ್ಲವ್ವಾ ಎಂದು ಕೂಗಬೇಕೆಂದರೆ ಬರೀ ಗಾಳಿ ಬಂತು. ಅಷ್ಟರಲ್ಲಿ ಆಕೆ ಗುಡಿಸಲ ಮಗ್ಗಲಿನಿಂದ ಹೊರಬಂದಳು, ಬಗಲಲ್ಲಿ ಕೂಸು, ಕೈಯಲ್ಲಿ ಹಿಟ್ಟು. ಏನು ಬಿಟ್ಟು ಹೋಗಿದ್ರಿ ಅಕ್ಕಾ ಎಂದು ನಗುತ್ತ ಬಂದವಳು ಬುಟ್ಟಿಯೊಳಗೆ ನೋಡಿ ನಿಂತಳು.

"ಮಧ್ಯಾಹ್ನದಿಂದ ಒಳಗ ಏನೋ ಕೆಮ್ಮಲಕತ್ತದರಿ," ಎಂದಳು ಮೆಲ್ಲಗೆ, ಉಳಿದ ಕಬ್ಬಿನ ಕಡೆ ನೋಡುತ್ತ. "ನಾಯಿ ಇರಬೇಕಂತ ಮಾಡಿದ್ದೆ."

ಆಗ ನಮಗೂ ಕೇಳಿತು. ಕೆಮ್ಮಲ್ಲ, ಹಸಿ ಕಟ್ಟಿಗೆಯ ಮೇಲೆ ಗರಗಸ ಎಳೆದು ಬಿಟ್ಟಂತೆ. ಒಮ್ಮೆ. ಮತ್ತೆ ಒಮ್ಮೆ.

ಮಲ್ಲವ್ವನನ್ನೂ ಕೂಸನ್ನೂ ಎಳೆದು ಬಸ್ಸಿಗೆ ಹತ್ತಿಸಿದೆವು. ಬುಟ್ಟಿ ಯಾರು ಇಡುವುದು? ಬಾಬುರಾವ್ ಬಾಗಿಲಿಗೆ ಕೈ ಹಾಕಿದ. ಸುಧಾ ವೈನಿ ಅವನನ್ನು ಸರಿಸಿ, ನಾ ತಂದದ್ದು, ನಾನೇ ಇಡ್ತೀನಿ ಎಂದರು. ಅವರು ಇಳಿದರು. ನಾನು ಯಾಕೆ ಇಳಿದೆನೋ ಇಂದಿಗೂ ಗೊತ್ತಿಲ್ಲ. ಅವರೊಬ್ಬರೇ ಆ ಮೂಲೆಗೆ ಹೋಗುವುದನ್ನು ಕಿಡಕಿಯಿಂದ ನೋಡುವುದಕ್ಕಿಂತ ಜೊತೆಗೆ ಹೋಗುವುದಕ್ಕೇ ಕಡಿಮೆ ಅಂಜಿಕೆಯಾಗಿರಬೇಕು. ಅವರ ಸೆರಗಿನ ತುದಿ ಹಿಡಿದುಕೊಂಡು ನಡೆದೆ. ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಇನ್ನೊಂದು ಕೈಯನ್ನು ಸೊಂಟಕ್ಕೆ ಒತ್ತಿಕೊಂಡಿದ್ದೆ. ಕಾಲಡಿಯ ರವದಿ ಹಪ್ಪಳ ಮುರಿದಂತೆ ಸದ್ದು ಮಾಡುತ್ತಿತ್ತು.

ಎಲ್ಲಿ ಸಿಕ್ಕಿತ್ತು ಎಂದು ಪಿಸುಗುಟ್ಟಿದೆ. ಎಲ್ಲಾ ಸಾಲೂ ಒಂದೇ ಥರಾ ಕಾಣ್ತಾವಲ್ಲೇ ಎಂದರು. ಅವರ ದನಿ ಅಳುವಿನ ಅಂಚಿನಲ್ಲಿತ್ತು. ಕೊನೆಗೆ ಅವರು ಮಧ್ಯಾಹ್ನ ಒಯ್ದು ಅಲ್ಲೇ ಮರೆತುಬಂದ ನೀರಿನ ಬಾಟಲಿ ಕಣ್ಣಿಗೆ ಬಿತ್ತು. ಬುಟ್ಟಿ ಬಗ್ಗಿಸಿ ಮರಿಯನ್ನು ರವದಿಯ ಮೇಲೆ ಜಾರಿಸಿದರು. ಅದು ತಿರುಗಿ ಅವರ ಸೀರೆಯ ಕಡೆಗೇ ತೆವಳಿತು. ಸುಧಾ ವೈನಿ ಬಗ್ಗಿ ಅದರ ತಲೆ ಮುಟ್ಟಲು ಹೋದರು. ನಾನು ಸೆರಗು ಜಗ್ಗಿದೆ. ಗರಗಸದ ಸದ್ದು ನಿಂತುಹೋಗಿತ್ತು. ಆ ಸದ್ದಿಗಿಂತ ಅದು ನಿಂತದ್ದೇ ಹೆಚ್ಚು ಹತ್ತಿರವೆನಿಸಿತು. ಓಡಬಾರದೆಂದು ಎಲ್ಲೋ ಓದಿದ್ದೆ. ಓಡಿದೆವು.

ಬಸ್ಸಿನ ಗಾಜು ಮುಚ್ಚಿ, ಇಂಜಿನ್ ಬಂದ್ ಮಾಡಿ ಕೂತೆವು. ಕೂಸು ಅತ್ತೀತೆಂದು ಮಲ್ಲವ್ವ ಅದಕ್ಕೆ ಹಾಲು ಕುಡಿಸುತ್ತಿದ್ದಳು. ತಣ್ಣಗಿದ್ದ ಗಾಣದಿಂದಲೂ ಬೆಲ್ಲದ ವಾಸನೆ ಬರುತ್ತಿತ್ತು, ಅದರ ಜೊತೆ ಒಲೆಯ ಮೇಲೆ ಬಿಟ್ಟುಬಂದ ರೊಟ್ಟಿ ಹೊತ್ತುವ ವಾಸನೆ. ಹೊರಗೆ ಮರಿ ಕೂಗಿತು, ಸುಮ್ಮನಾಯಿತು, ಕೂಗಿತು. ಗಾಳಿ ಇರಲಿಲ್ಲ. ಆದರೂ ಕಬ್ಬಿನ ತುದಿಗಳು ಒಂದು ಗೆರೆಯಾಗಿ ಅಲುಗುತ್ತ ಬಂದವು.

ಅದು ಹೊರಬಂದಾಗ ನಾನು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಬಡಕಲು, ಹೊಟ್ಟೆಯ ಕೆಳಗೆ ಮೊಲೆಗಳು ಜೋತಿದ್ದವು. ಬಸ್ಸಿನ ಕಡೆ ಮುಖ ಎತ್ತಿ ನೋಡಿತು. ಎಷ್ಟು ಹೊತ್ತು ನೋಡಿತೋ ಹೇಳಲಾರೆ. ನನ್ನ ಜನ್ಮದ ಅಂಜಿಕೆಗಳೆಲ್ಲ ಆ ಹೊತ್ತಿನಲ್ಲಿ ಬಂದು ಹೋದವು. ಮರಿಯ ಕುತ್ತಿಗೆ ಕಚ್ಚಿ ಎತ್ತಿಕೊಂಡು, ಕಡಿದ ಹೊಲ ಅಡ್ಡ ಹಾಯ್ದು, ಕಾಲುವೆಯಾಚೆಯ ಕಬ್ಬಿನೊಳಗೆ ಇಳಿದುಹೋಯಿತು. ಹಿಂದಿನ ಸೀಟಿನಲ್ಲಿ ಯಾರೋ ಕೈಮುಗಿದರು. ಸುಧಾ ವೈನಿ ಖಾಲಿ ಬುಟ್ಟಿಯಲ್ಲಿ ಮುಖ ಇಟ್ಟು ಅತ್ತರು.

ಎಲ್ಲ ಮುಗಿಯಿತು ಎಂದು ನಾವೆಲ್ಲ ಒಮ್ಮೆಲೇ ಮಾತಿಗೆ ಇಳಿದಾಗ ಮಲ್ಲವ್ವ ಎದ್ದು, ಬಾಗಲಾ ತೆಗೀರಿ, ರೊಟ್ಟಿ ಹೊತ್ತಿಹೋಗಲಕತ್ತದ ಎಂದಳು. ನಾನು ಅವಳ ತೋಳು ಹಿಡಿದೆ. ದತ್ತೋಬಾನ ಮನೆಗೆ ಬಿಡುತ್ತೇವೆ, ಇವತ್ತೊಂದು ರಾತ್ರಿ ಊರಲ್ಲಿರು ಎಂದು ಹೇಳಿದೆ. ಗಂಡ ಬಂದು ಹುಡುಕುತ್ತಾನೆ ಎಂದಳು. ಅವನನ್ನೂ ಕರೆದುಕೊಂಡು ಬರೋಣ, ನಾಳೆ ಏನಾದರೂ ಮಾಡೋಣ ಎಂದೆ. ಕಾಲುವೆಯಾಚೆ ಕೈ ಮಾಡಿ ತೋರಿಸಿದಳು.

"ನಾಡಿದ್ದು ಆ ಹೊಲಕ್ಕ ಹೋಗೋದರಿ ನಾವು. ಅಲ್ಲಿ ಬಿಟ್ರ ಅದರಾಚಿ. ಎಲ್ಲಾ ಕಬ್ಬೇ ಅದ ಅಕ್ಕಾ."

ಅವಳು ಇಳಿದು ಹೋದಳು. ಬಾಬುರಾವ್ ಅವಳಿಗಾಗಿ ಗುಡಿಸಲ ಕಡೆ ಬಸ್ಸಿನ ದೀಪ ಹಾಕಿದ. ಅವಳು ಹೊತ್ತಿದ ರೊಟ್ಟಿ ತೆಗೆದು ಬದಿಗಿಟ್ಟು, ಒಲೆಯ ಕೊಳ್ಳಿ ಮುಂದೆ ತಳ್ಳಿ, ಕೂಸನ್ನು ಹೆಗಲಿಗೆ ಹಾಕಿಕೊಂಡಳು. ಬಸ್ಸು ಹೊರಟಿತು. ನನಗೆ ತಡೆಯಲಾಗಲಿಲ್ಲ. ಗಾಜು ಸರಿಸಿ, ದಿನಾ ಮನೆಯಲ್ಲಿ ಅನ್ನುವ ಹಾಗೆ ಕೂಗಿದೆ.

"ಮಲ್ಲವ್ವಾ, ಒಳಗಿಂದ ಅಗಳಿ ಹಾಕ್ಕೋ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಗುಡಿಸಲಿಗೆ ಬಾಗಿಲಿರಲಿಲ್ಲ, ಒಂದು ಗೋಣಿಚೀಲ ಇಳಿಬಿಟ್ಟಿತ್ತು. ಅವಳು ಅದನ್ನು ಎತ್ತಿ ತಲೆ ಬಗ್ಗಿಸಿ ಒಳಗೆ ಹೋದಳು. ಚೀಲ ಬಿತ್ತು. ಅದರ ಹಿಂದಿನಿಂದ ಅವಳ ದನಿ ಬಂತು.

"ಹಾಕ್ಕೋತೀನ್ರಿ ಅಕ್ಕಾ. ನೀವು ಅಂಜಬ್ಯಾಡ್ರಿ."